ವಿಕಿರಣಶೀಲ ನೀರು: ಲೆಕ್ಕ ಕೂಡಿದ ಮೇಲೆಯೇ ಬಿಡುಗಡೆ



ಈ ತಲೆಬರಹ ನೋಡಿ, "ಇದಕ್ಕೂ ನಮ್ಮ ರಾಯದುರ್ಗ, ಮಡಕಶಿರಗಳಿಗೂ ಏನು ಸಂಬಂಧ?" ಎಂದು ನೀವು ಕೇಳಬಹುದು. ನಮ್ಮ ಕಡೆ ಅಣುವಿದ್ಯುತ್ ಸ್ಥಾವರವಿಲ್ಲ. ಕುಡಿಯುವ ನೀರಿಗೇ ಪರದಾಡುವ ನಮಗೆ ವಿಕಿರಣಶೀಲ ನೀರಿನ ಚಿಂತೆ ಏಕೆ? ನಾನೂ ಹಾಗೆಯೇ ಅಂದುಕೊಂಡಿದ್ದೆ. ನಾನು ವಿಜ್ಞಾನಿಯಲ್ಲ. ಹತ್ತನೆಯ ತರಗತಿ ಪಾಸು ಮಾಡಿ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಸೇರಿ, ವೋಚರು ಲೆಡ್ಜರುಗಳ ನಡುವೆ ತಲೆ ನರೆಸಿಕೊಂಡು ನಿವೃತ್ತನಾದ ರಾಯದುರ್ಗದವನು. ಈ ವಿಷಯ ನನ್ನ ಮನೆಯ ಬಾಗಿಲಿಗೇ ಬಂದದ್ದರಿಂದ ತಿಳಿದುಕೊಳ್ಳಬೇಕಾಯಿತು.

ನಮ್ಮ ಅಕ್ಕನನ್ನು ಮಡಕಶಿರ ಸೀಮೆಯ ಅಗಳಿ ಕಡೆಯ ಹಳ್ಳಿಗೆ ಕೊಟ್ಟಿದೆ. ಕೆಲವು ವರ್ಷಗಳ ಹಿಂದೆ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ಪರೀಕ್ಷೆ ಮಾಡಿಸಿದಾಗ ಥೈರಾಯ್ಡ್ ಗ್ರಂಥಿಯ ಕ್ಯಾನ್ಸರ್ ಎಂದರು. ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಯಾದ ಮೇಲೆ, ಉಳಿದ ರೋಗಕಣಗಳನ್ನು ಸುಡಲು ವಿಕಿರಣಶೀಲ ಅಯೋಡಿನ್ ಕುಡಿಸಿ ಮೂರು ದಿನ ಅವಳನ್ನು ಪ್ರತ್ಯೇಕ ಕೋಣೆಯಲ್ಲಿ ಇಟ್ಟರು. ಒಳಗೆ ಹೋಗುವ ಮುಂಚೆ ದಾದಿ, "ಈ ಕೋಣೆಯ ಶೌಚಾಲಯವನ್ನೇ ಬಳಸಬೇಕು. ಪ್ರತಿಸಲವೂ ನೀರು ಧಾರಾಳವಾಗಿ ಬಿಡಬೇಕು" ಎಂದು ಹೇಳಿದರು. ಬರಗಾಲದ ಸೀಮೆಯಲ್ಲಿ ಒಂದು ಕೊಡ ನೀರಿಗೆ ಮೈಲಿ ನಡೆದ ನಮ್ಮ ಅಕ್ಕನಿಗೆ ಇದು ಹಿಡಿಸಲಿಲ್ಲ. ಬಿಡುಗಡೆಯಾಗಿ ಬಸ್ಸಿನಲ್ಲಿ ಬರುವಾಗ ನನ್ನನ್ನು ಕೇಳಿದಳು: "ನನ್ನ ಮೈಯಿಂದ ಹೋದ ನೀರು ಕೆಟ್ಟದ್ದು ಅಂತ ನನ್ನನ್ನೇ ಒಬ್ಬಳನ್ನ ಕೂಡಿಹಾಕಿದ್ರಲ್ಲೋ ತಮ್ಮಾ, ಆ ನೀರು ಕೊನೀಗೆ ಎಲ್ಲಿಗೆ ಹೋಗ್ತೈತೆ?"

ನನಗೆ ಉತ್ತರ ಗೊತ್ತಿರಲಿಲ್ಲ. ಓದಿ, ತಿಳಿದವರನ್ನು ಕೇಳಿ ಸಂಗ್ರಹಿಸಿದ ಉತ್ತರವನ್ನೇ ಇಂದು ನಿಮ್ಮ ಮುಂದಿಡುತ್ತಿದ್ದೇನೆ.

ಮೊದಲು ಒಂದು ಮಾತು ಸ್ಪಷ್ಟವಾಗಬೇಕು. ವಿಕಿರಣ ಬೀಳುವುದು ಬೇರೆ, ವಿಕಿರಣಶೀಲ ವಸ್ತು ಅಂಟುವುದು ಬೇರೆ. ದೀಪದ ಬೆಳಕು ಮೈಮೇಲೆ ಬಿದ್ದರೆ, ದೂರ ಸರಿದಾಗ ಅದು ಇಲ್ಲವಾಗುತ್ತದೆ. ದೀಪದ ಎಣ್ಣೆ ಕೈಗೆ ಅಂಟಿದರೆ ಅದು ನಮ್ಮ ಜೊತೆಗೇ ಮನೆಗೆ ಬರುತ್ತದೆ, ಬಾಗಿಲಿಗೆ, ಬಟ್ಟೆಗೆ, ಮಗುವಿನ ಕೆನ್ನೆಗೆ ಹತ್ತುತ್ತದೆ. ಹೀಗೆ ವಸ್ತುವೇ ಅಂಟಿ ಹರಡುವುದನ್ನು ಕಲುಷಣ ಎನ್ನುತ್ತಾರೆ. ಇದು ಹೆಚ್ಚಾಗಿ ಆಗುವುದು ದ್ರವದಿಂದ. ಏಕೆಂದರೆ ದ್ರವ ಸೋರುತ್ತದೆ, ಸಿಡಿಯುತ್ತದೆ, ಇಂಗುತ್ತದೆ, ಇಳಿಜಾರು ಹುಡುಕಿಕೊಂಡು ಹೋಗುತ್ತದೆ. ಬಳ್ಳಾರಿ ಕಡೆ ಜೀನ್ಸ್ ಬಟ್ಟೆ ತೊಳೆಯುವ ಘಟಕಗಳ ನೀಲಿ ನೀರು ಚರಂಡಿಯಲ್ಲಿ ಕಣ್ಣಿಗೆ ಕಾಣುತ್ತದೆ. ವಿಕಿರಣಶೀಲ ನೀರಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮ ಬೋರ್‌ವೆಲ್ ನೀರಿನ ಫ್ಲೋರೈಡಿನಂತೆಯೇ ಇದು ಕೂಡ. ಮಕ್ಕಳ ಹಲ್ಲು ಕಲೆಗಟ್ಟುವವರೆಗೆ ನೀರು ಚೆನ್ನಾಗಿದೆಯೆಂದೇ ನಾವು ಕುಡಿದವರಲ್ಲವೇ?

ಇನ್ನೊಂದು ಕಷ್ಟವೆಂದರೆ, ಈ ದೋಷವನ್ನು ಕುದಿಸಿ ಕೊಲ್ಲಲಾಗುವುದಿಲ್ಲ, ಔಷಧಿ ಹಾಕಿ ಕರಗಿಸಲಾಗುವುದಿಲ್ಲ. ಅದನ್ನು ಕರಗಿಸುವುದು ಕಾಲವೊಂದೇ. ಪ್ರತಿಯೊಂದು ವಿಕಿರಣಶೀಲ ಧಾತುವಿಗೂ ಅರ್ಧಾಯುಷ್ಯ ಎಂಬುದೊಂದಿದೆ. ಅಷ್ಟು ಅವಧಿಯಲ್ಲಿ ಅದು ಅರ್ಧಕ್ಕೆ ಇಳಿಯುತ್ತದೆ. ಅಕ್ಕನಿಗೆ ಕೊಟ್ಟ ಅಯೋಡಿನ್-131ರ ಅರ್ಧಾಯುಷ್ಯ ಸುಮಾರು 8 ದಿನ. ನಮ್ಮ ಬ್ಯಾಂಕಿನ ಭಾಷೆಯಲ್ಲಿ ಹೇಳುವುದಾದರೆ, 1024 ರೂಪಾಯಿ ಸಾಲ 8 ದಿನಕ್ಕೆ 512 ಆಗುತ್ತದೆ, 16 ದಿನಕ್ಕೆ 256, 24 ದಿನಕ್ಕೆ 128. ಹೀಗೆ ಹತ್ತು ಸಲ ಅರ್ಧವಾದಾಗ, ಅಂದರೆ 80 ದಿನಕ್ಕೆ, ಉಳಿಯುವುದು ಒಂದು ರೂಪಾಯಿ.

ಈಗ ಅಕ್ಕನ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕಿತು. ಕುಡಿಸಿದ ಅಯೋಡಿನ್‌ನಲ್ಲಿ ಗ್ರಂಥಿಯ ಕಣಗಳು ಹೀರಿದ್ದು ಹೋಗಿ ಮಿಕ್ಕಿದ್ದು ಮೊದಲ ಎರಡು ಮೂರು ದಿನಗಳಲ್ಲೇ ಬಹುಪಾಲು ಮೂತ್ರದಲ್ಲಿ ಹೊರಬೀಳುತ್ತದೆ. ಅಂಥ ಕೋಣೆಯ ಶೌಚಾಲಯದ ಕೊಳವೆ ಊರಿನ ಒಳಚರಂಡಿಗೆ ನೇರವಾಗಿ ಸೇರುವುದಿಲ್ಲ. ಅದು ಆಸ್ಪತ್ರೆಯ ಆವರಣದಲ್ಲೇ ಇರುವ ಪ್ರತ್ಯೇಕ ತೊಟ್ಟಿಗೆ ಹೋಗುತ್ತದೆ. ಇದಕ್ಕೆ ತಡೆತೊಟ್ಟಿ ಎನ್ನೋಣ. ಒಂದು ತೊಟ್ಟಿ ತುಂಬಿದ ಮೇಲೆ ಅದರ ಬಾಯಿ ಮುಚ್ಚಿ, ಎರಡನೆಯದಕ್ಕೆ ನೀರು ತಿರುಗಿಸುತ್ತಾರೆ. ಮುಚ್ಚಿದ ತೊಟ್ಟಿ ವಾರಗಟ್ಟಲೆ ಸುಮ್ಮನೆ ಕುಳಿತಿರುತ್ತದೆ. ಅದರೊಳಗೆ ಸಾಲ ತಾನೇ ತೀರುತ್ತಿರುತ್ತದೆ. ನಂತರ ಮಾದರಿ ತೆಗೆದು ಅಳತೆ ಮಾಡಿ, ಅಣುಶಕ್ತಿ ನಿಯಂತ್ರಣ ಮಂಡಳಿ ಗೊತ್ತುಪಡಿಸಿದ ಮಿತಿಯೊಳಗೆ ಇದ್ದರೆ ಮಾತ್ರ ಚರಂಡಿಗೆ ಬಿಡಬೇಕು. ಈ ಮಂಡಳಿ 1983ರಲ್ಲಿ ಸ್ಥಾಪನೆಯಾಯಿತು. ವಿಕಿರಣಶೀಲ ತ್ಯಾಜ್ಯದ ಸುರಕ್ಷಿತ ವಿಲೇವಾರಿಗೆಂದೇ 1987ರ ನಿಯಮಗಳಿವೆ. ಅಪ್ಪಣೆಯಿಲ್ಲದೆ ಬಿಡುವಂತಿಲ್ಲ, ಬಿಟ್ಟದ್ದನ್ನು ಬರೆದಿಡದೆ ಇರುವಂತಿಲ್ಲ.

ಅಯೋಡಿನ್ ಬೇಗ ಸಾಯುವ ಜಾತಿ. ಆದರೆ ಅಣುಸ್ಥಾವರಗಳ, ಇಂಧನ ಮರುಸಂಸ್ಕರಣೆಯ ನೀರಿನಲ್ಲಿ ಬರುವ ಸೀಸಿಯಂ-137ರ ಅರ್ಧಾಯುಷ್ಯ ಸುಮಾರು 30 ವರ್ಷ. ಸ್ಟ್ರಾನ್ಷಿಯಂ-90ರದೂ ಹೆಚ್ಚುಕಡಿಮೆ ಅಷ್ಟೇ. ಹತ್ತು ಸಲ ಅರ್ಧವಾಗಲು 300 ವರ್ಷ ಕಾಯಬೇಕು. ನೀರನ್ನು ತೊಟ್ಟಿಯಲ್ಲಿಟ್ಟು ಮೂರು ಶತಮಾನ ಕಾಯುವುದು ಸಾಧ್ಯವೇ? ಆದ್ದರಿಂದ ನೀರಿನಿಂದ ಆ ಧಾತುಗಳನ್ನು ಬೇರ್ಪಡಿಸಬೇಕು.

ಬೇರ್ಪಡಿಸುವ ವಿಧಾನಗಳು ನಮಗೆ ತೀರ ಅಪರಿಚಿತವೇನಲ್ಲ. ಕೆರೆಯ ಕದಡಿದ ನೀರಿಗೆ ಪಟಿಕ ತಿರುವಿದರೆ ಮಣ್ಣು ಗರಣೆಗಟ್ಟಿ ತಳ ಸೇರುತ್ತದೆ. ಅದೇ ರೀತಿ ತಕ್ಕ ರಾಸಾಯನಿಕಗಳನ್ನು ಹಾಕಿ ಸೀಸಿಯಂ, ಸ್ಟ್ರಾನ್ಷಿಯಂಗಳನ್ನು ಕೆಸರಾಗಿ ಕೆಳಗಿಳಿಸುತ್ತಾರೆ. ಎರಡನೆಯದು ರಾಳದ ಮಣಿಗಳ ಮೂಲಕ ನೀರನ್ನು ಹಾಯಿಸುವುದು. ಮಣಿಗಳು ಬೇಡದ ಅಯಾನುಗಳನ್ನು ಹಿಡಿದುಕೊಂಡು ನಿರುಪದ್ರವಿ ಅಯಾನುಗಳನ್ನು ಬಿಟ್ಟುಕೊಡುತ್ತವೆ. ಮೂರನೆಯದು ನೀರನ್ನು ಆವಿ ಮಾಡಿ, ತಳದಲ್ಲಿ ಉಳಿದ ಗಟ್ಟಿ ದ್ರಾವಣವನ್ನು ಬೇರೆ ತೆಗೆಯುವುದು. ಹೀಗೆ ಬಂದ ಕೆಸರನ್ನೂ ಗಟ್ಟಿ ದ್ರಾವಣವನ್ನೂ ಸಿಮೆಂಟಿನಲ್ಲಿ ಕಲಸಿ ಗಟ್ಟಿಮಾಡುತ್ತಾರೆ. ಮರುಸಂಸ್ಕರಣೆಯಿಂದ ಬರುವ ಅತಿ ತೀವ್ರವಾದ ತ್ಯಾಜ್ಯವನ್ನು ಗಾಜಿನೊಳಗೆ ಕರಗಿಸಿ ಉಕ್ಕಿನ ಡಬ್ಬಿಗಳಲ್ಲಿ ತುಂಬುತ್ತಾರೆ. ನಮ್ಮ ದೇಶದಲ್ಲಿ ಟ್ರಾಂಬೆ, ತಾರಾಪುರ, ಕಲ್ಪಾಕ್ಕಂಗಳಲ್ಲಿ ಈ ಕೆಲಸಕ್ಕೆ ಘಟಕಗಳಿವೆ.

ಇಲ್ಲಿ ಗಮನಿಸಬೇಕಾದ ಮುಖ್ಯ ಸಂಗತಿಯೊಂದಿದೆ. ಸಂಸ್ಕರಣೆಯಿಂದ ವಿಕಿರಣ ನಾಶವಾಗುವುದಿಲ್ಲ. ಅದು ನೀರಿನ ಖಾತೆಯಿಂದ ಕೆಸರಿನ ಖಾತೆಗೆ ವರ್ಗವಾಗುತ್ತದೆ, ಅಷ್ಟೆ. ಒಂದು ಕಡೆ ಖರ್ಚು ಬಿದ್ದದ್ದು ಇನ್ನೊಂದು ಕಡೆ ಜಮಾ ಬೀಳಲೇಬೇಕು. ಎರಡೂ ತಾಳೆಯಾಗದಿದ್ದರೆ ವ್ಯತ್ಯಾಸದ ಮೊತ್ತ ಎಲ್ಲೋ ನೆಲದ ಮೇಲೆ, ಯಾರದೋ ಬಟ್ಟೆಯ ಮೇಲೆ, ಇಲ್ಲವೆ ಯಾವುದೋ ಬಾವಿಯಲ್ಲಿ ಇದೆಯೆಂದೇ ಅರ್ಥ. ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ದಿನ ನಗದು ಹತ್ತು ರೂಪಾಯಿ ಕಡಿಮೆ ಬಂತು. "ನನ್ನ ಕೈಯಿಂದ ಹಾಕುತ್ತೇನೆ ಸಾರ್" ಎಂದೆ. ಮ್ಯಾನೇಜರು ಒಪ್ಪಲಿಲ್ಲ. "ಹತ್ತು ರೂಪಾಯಿ ದೊಡ್ಡದಲ್ಲ ಕಣಯ್ಯಾ, ಅದು ಹೋದ ದಾರಿ ದೊಡ್ಡದು" ಎಂದು ರಾತ್ರಿ ಒಂಬತ್ತರವರೆಗೆ ಎಲ್ಲರನ್ನೂ ಕೂರಿಸಿ ವೋಚರು ಹುಡುಕಿಸಿದರು. ದ್ರವ ತ್ಯಾಜ್ಯ ಕಾಯುವವರಿಗೂ ಇದೇ ಪಾಠ.

ಹಾಗಾದರೆ ಸಂಸ್ಕರಿಸುವಾಗ ಕಲುಷಣ ಆಗದಂತೆ ತಡೆಯುವುದು ಹೇಗೆ?

ಮೊದಲನೆಯದು, ಹುಟ್ಟಿದ ಜಾಗದಲ್ಲೇ ಬೇರ್ಪಡಿಸುವುದು. ತೀವ್ರವಾದದ್ದನ್ನು ಸೌಮ್ಯವಾದದ್ದರೊಡನೆ, ಬೇಗ ಸಾಯುವುದನ್ನು ದೀರ್ಘಕಾಲ ಉಳಿಯುವುದರೊಡನೆ ಕೂಡಿಸಬಾರದು. ಹಾಲಿಗೆ ಹುಳಿ ಹಿಂಡಿದ ಮೇಲೆ ಹುಳಿಯನ್ನಷ್ಟೇ ಮರಳಿ ತೆಗೆಯಲಾದೀತೇ? ಹಾಗೆಯೇ ಮಿತಿಗೆ ತರುವ ನೆಪದಲ್ಲಿ ಸುಮ್ಮನೆ ನೀರು ಬೆರೆಸುವುದು ಸಂಸ್ಕರಣೆಯಲ್ಲ. ಲೀಟರಿಗೆ ಎಷ್ಟು ಎಂಬುದು ಕಡಿಮೆಯಾದರೂ ಒಟ್ಟು ಮೊತ್ತ ಅಷ್ಟೇ ಇರುತ್ತದೆ. ಆದ್ದರಿಂದಲೇ ಅಪ್ಪಣೆ ಕೊಡುವಾಗ ಸಾಂದ್ರತೆಗೂ ಮಿತಿ, ಒಟ್ಟು ಬಿಡುಗಡೆಗೂ ಮಿತಿ ಹಾಕುತ್ತಾರೆ.

ಎರಡನೆಯದು, ಒಂದು ಗೋಡೆಯನ್ನು ನಂಬದಿರುವುದು. ಕೊಳವೆಯ ಸುತ್ತ ಇನ್ನೊಂದು ಕೊಳವೆ, ತೊಟ್ಟಿಯ ಸುತ್ತ ಅದರ ನೀರನ್ನೆಲ್ಲ ಹಿಡಿಯಬಲ್ಲ ಕಟ್ಟೆ, ಕಟ್ಟೆಯೊಳಗೆ ಸೋರಿಕೆ ತಿಳಿಸುವ ಉಪಕರಣ ಇರಬೇಕು. ತೊಟ್ಟಿಗಳ ಆಸುಪಾಸಿನಲ್ಲಿ ಬೋರುಗಳನ್ನು ತೆಗೆದು ಅಂತರ್ಜಲವನ್ನು ಆಗಾಗ ಪರೀಕ್ಷಿಸುತ್ತಿರಬೇಕು. ಆದರೆ ಕಟ್ಟೆ ಕಟ್ಟಿದರೆ ಸಾಲದು. ಜಪಾನಿನ ಫುಕುಶಿಮಾದಲ್ಲಿ 2011ರ ಅಪಘಾತದ ನಂತರ ನೀರನ್ನು ಬೋಲ್ಟು ಹಾಕಿ ಜೋಡಿಸಿದ ಟ್ಯಾಂಕುಗಳಲ್ಲಿ ತುಂಬಿದ್ದರು. 2013ರ ಆಗಸ್ಟಿನಲ್ಲಿ ಅಂಥ ಒಂದು ಟ್ಯಾಂಕಿನಿಂದ ಸುಮಾರು 300 ಟನ್ ನೀರು ಸೋರಿತು. ಸುತ್ತ ಕಟ್ಟೆ ಇತ್ತು. ಆದರೆ ಮಳೆನೀರು ಹೋಗಲೆಂದು ಕಟ್ಟೆಯ ತೂಬಿನ ಕವಾಟಗಳನ್ನು ತೆರೆದಿಟ್ಟಿದ್ದರು! ಕೆರೆಯ ಏರಿ ಭದ್ರವಾಗಿದ್ದು ತೂಬು ತೆರೆದಿದ್ದರೆ ಏನಾಗುವುದೆಂದು ನಮ್ಮ ರೈತರಿಗೆ ಹೇಳಿಕೊಡಬೇಕಾಗಿಲ್ಲ.

ಮೂರನೆಯದು, ಕೆಲಸ ಮಾಡುವವರ ಮೈ. ಕೈಗವಸು, ಬೂಟು, ನೀರಿಳಿಯದ ಮೇಲಂಗಿ ಹಾಕಿಕೊಂಡೇ ಒಳಗೆ ಹೋಗಬೇಕು. ಒಳಗಿನ ಗಾಳಿಯ ಒತ್ತಡವನ್ನು ಹೊರಗಿನದಕ್ಕಿಂತ ತುಸು ಕಡಿಮೆ ಇಡುತ್ತಾರೆ. ಹಾಗೆ ಮಾಡಿದರೆ ಬಾಗಿಲು ತೆರೆದಾಗ ಗಾಳಿ ಒಳಕ್ಕೆ ನುಗ್ಗುತ್ತದೆಯೇ ಹೊರತು ಹೊರಕ್ಕೆ ಬರುವುದಿಲ್ಲ. ಹೊರಬರುವಾಗ ಗಡಿಯಲ್ಲೇ ಬೂಟು ಬಟ್ಟೆ ಕಳಚಿ, ಕೈಕಾಲುಗಳನ್ನು ಯಂತ್ರದಲ್ಲಿ ಪರೀಕ್ಷಿಸಿಕೊಳ್ಳಬೇಕು. ಒಳಗೆ ಊಟ, ನೀರು, ಎಲೆಅಡಿಕೆ, ಬೀಡಿ ಕೂಡದು. ಹೆಚ್ಚಿನ ಅವಘಡಗಳು ದಿನನಿತ್ಯದ ಓಟದಲ್ಲಿ ಆಗುವುದಿಲ್ಲ, ಕೊಳವೆ ತೊಳೆಯುವಾಗ, ರಾಳ ಬದಲಿಸುವಾಗ, ಮಾದರಿ ತೆಗೆಯುವಾಗ ಆಗುತ್ತವೆ. ಅದೇ ಫುಕುಶಿಮಾದಲ್ಲಿ 2023ರ ಅಕ್ಟೋಬರಿನಲ್ಲಿ ನೀರು ಶುದ್ಧೀಕರಿಸುವ ಯಂತ್ರದ ಕೊಳವೆ ತೊಳೆಯುತ್ತಿದ್ದಾಗ ಹೋಸ್ ಪೈಪು ಜಾರಿ ಹೊರಬಂದು ಕೆಲಸಗಾರರ ಮೇಲೆ ತ್ಯಾಜ್ಯ ದ್ರವ ಸಿಡಿಯಿತು. ಇಬ್ಬರನ್ನು ಆಸ್ಪತ್ರೆಗೆ ಸೇರಿಸಬೇಕಾಯಿತು. ಅವರು ನೀರಿಳಿಯದ ಮೇಲಂಗಿ ತೊಟ್ಟಿರಲಿಲ್ಲ. 2024ರ ಫೆಬ್ರವರಿಯಲ್ಲಿ ಮುಚ್ಚಿರಬೇಕಾದ ಕವಾಟಗಳು ತೆರೆದೇ ಇದ್ದುದರಿಂದ ಮತ್ತೆ ಟನ್‌ಗಟ್ಟಲೆ ನೀರು ಹೊರಚೆಲ್ಲಿತು. ತಂತ್ರಜ್ಞಾನದಲ್ಲಿ ಹೆಸರಾದ ದೇಶದಲ್ಲೇ ಹೀಗೆ. ಆದ್ದರಿಂದ ಕೆಲಸ ಶುರುವಾಗುವ ಮುಂಚೆ ಪ್ರತಿಯೊಂದು ಕವಾಟವನ್ನೂ ಒಬ್ಬರು ಓದಿ ಹೇಳಬೇಕು, ಇನ್ನೊಬ್ಬರು ಮುಟ್ಟಿ ನೋಡಬೇಕು.

ನಾಲ್ಕನೆಯದು, ಇಬ್ಬರ ಕೈ. ಬ್ಯಾಂಕಿನ ತಿಜೋರಿಗೆ ಎರಡು ಬೀಗದ ಕೈ. ಒಂದು ಮ್ಯಾನೇಜರ ಬಳಿ, ಇನ್ನೊಂದು ಕ್ಯಾಷಿಯರ ಬಳಿ. ಯಾರ ಮೇಲೂ ಅನುಮಾನವಿದೆಯೆಂದಲ್ಲ, ಒಬ್ಬನ ಮನಸ್ಸು ಕೆಟ್ಟರೂ ತಿಜೋರಿ ಕೆಡಬಾರದೆಂದು. ನಮ್ಮ ಕನ್ನಡನಾಡಿನ ಕೈಗಾದಲ್ಲಿ ನಡೆದ ಘಟನೆ ಇದಕ್ಕೆ ಉದಾಹರಣೆ. ಉತ್ತರ ಕನ್ನಡದ ಕಾಳಿ ನದಿಯ ದಡದಲ್ಲಿ, ಕದ್ರಾ ಜಲಾಶಯದ ಪಕ್ಕದಲ್ಲಿ ಈ ಅಣುಸ್ಥಾವರವಿದೆ. ಅಲ್ಲಿ 220 ಮೆಗಾವಾಟಿನ ನಾಲ್ಕು ಘಟಕಗಳು. ಇಂಥ ಸ್ಥಾವರಗಳಲ್ಲಿ ಬಳಸುವ ಭಾರಜಲದಲ್ಲಿ ಟ್ರೀಷಿಯಂ ಎಂಬ ವಿಕಿರಣಶೀಲ ಜಲಜನಕ ಹುಟ್ಟುತ್ತದೆ. ಅದರ ಅರ್ಧಾಯುಷ್ಯ 12 ವರ್ಷಕ್ಕೆ ತುಸು ಮೇಲೆ. ಅದು ನೀರಿನ ರೂಪದಲ್ಲೇ ಇರುವುದರಿಂದ ಪಟಿಕದಂಥ ಉಪಾಯಕ್ಕೂ ರಾಳದ ಮಣಿಗಳಿಗೂ ಸಿಕ್ಕುವುದಿಲ್ಲ. ಅದರ ವಿಕಿರಣ ಚರ್ಮವನ್ನು ದಾಟಲಾರದಷ್ಟು ದುರ್ಬಲ, ಆದರೆ ಕುಡಿದರೆ ಮೈಯ ನೀರಿನೊಡನೆಲ್ಲ ಬೆರೆಯುತ್ತದೆ. 2009ರ ನವೆಂಬರಿನಲ್ಲಿ ಅಲ್ಲಿನ ನೌಕರರ ಮೂತ್ರವನ್ನು ವಾಡಿಕೆಯಂತೆ ಪರೀಕ್ಷಿಸಿದಾಗ ಐವತ್ತರ ಸುಮಾರು ಮಂದಿಯಲ್ಲಿ ಟ್ರೀಷಿಯಂ ಹೆಚ್ಚಾಗಿ ಕಂಡಿತು. ಹುಡುಕಿದಾಗ ಅದು ಕುಡಿಯುವ ನೀರಿನ ಕೂಲರಿನಲ್ಲಿ ಸಿಕ್ಕಿತು. ಯಾವ ಕೊಳವೆಯೂ ಒಡೆದಿರಲಿಲ್ಲ. ಒಳಗಿನವರೇ ಯಾರೋ ಬೇಕೆಂದೇ ಬೆರೆಸಿದ್ದಾರೆಂದು ಅಂದಿನ ಅಧಿಕಾರಿಗಳು ಹೇಳಿದರು. ಗೋಡೆಗಳೆಲ್ಲ ಗಟ್ಟಿಯಾಗಿದ್ದರೂ ಕಲುಷಣವಾಯಿತು. ಅದನ್ನು ಹಿಡಿದದ್ದು ಯಾವ ದೊಡ್ಡ ಯಂತ್ರವೂ ಅಲ್ಲ, ತಪ್ಪದೆ ನಡೆಯುತ್ತಿದ್ದ ಮೂತ್ರಪರೀಕ್ಷೆ ಎಂಬ ದಿನನಿತ್ಯದ ಲೆಕ್ಕ.

ಐದನೆಯದು, ಹಾಗೂ ನಮ್ಮಂಥ ಸಾಮಾನ್ಯರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು, ಆರಂಭದ ಶಿಲ್ಕು. ನಮ್ಮ ಪಕ್ಕದ ಕಡಪ ಜಿಲ್ಲೆಯಲ್ಲಿ, ಪುಲಿವೆಂದುಲದ ಹತ್ತಿರ ತುಮ್ಮಲಪಲ್ಲೆಯಲ್ಲಿ ಯುರೇನಿಯಂ ಗಣಿಯಿದೆ. ಅದಿರನ್ನು ಅರೆದು ಯುರೇನಿಯಂ ತೆಗೆದ ಮೇಲೆ ಉಳಿಯುವ ರಾಡಿಯನ್ನು ದೊಡ್ಡ ಹೊಂಡದಲ್ಲಿ ತುಂಬುತ್ತಾರೆ. ಹೊಂಡದ ಸಮೀಪದ ಹಳ್ಳಿಯವರು ತಮ್ಮ ಬೋರಿನ ನೀರು ಕೆಟ್ಟಿತು, ಬಾಳೆ ತೋಟ ಹಾಳಾಯಿತು ಎಂದು ದೂರಿದರು. ಹೊಂಡದ ತಳಕ್ಕೆ ಹೇಳಿದ ರೀತಿಯಲ್ಲಿ ಒಳಪದರ ಹಾಸಿಲ್ಲವೆಂದು ರಾಜ್ಯದ ಮಾಲಿನ್ಯ ನಿಯಂತ್ರಣ ಮಂಡಳಿ 2019ರಲ್ಲಿ ನೋಟಿಸು ಕೊಟ್ಟಿತು. ಗಣಿ ನಡೆಸುವ ಸರ್ಕಾರಿ ಸಂಸ್ಥೆ ಆರೋಪವನ್ನು ಒಪ್ಪಲಿಲ್ಲ. ಆ ನೆಲದ ಬಂಡೆಯಲ್ಲೇ ಯುರೇನಿಯಂ ಸಹಜವಾಗಿದೆ ಎಂಬ ವಾದವೂ ಬಂತು.

ಯಾರದು ಸರಿಯೆಂದು ತೀರ್ಪು ಹೇಳುವ ಅರ್ಹತೆ ನನಗಿಲ್ಲ. ಆದರೆ ಗುಮಾಸ್ತನಾಗಿ ಒಂದು ಮಾತು ಹೇಳಬಲ್ಲೆ. ಇಂಥ ಜಗಳ ಬಗೆಹರಿಯಬೇಕಾದರೆ ಕೆಲಸ ಪ್ರಾರಂಭವಾಗುವುದಕ್ಕೆ ಮುಂಚೆ ಪ್ರತಿಯೊಂದು ಬಾವಿಯ, ಬೋರಿನ ನೀರಿನಲ್ಲಿ ಏನೇನು ಎಷ್ಟಿತ್ತು ಎಂಬುದು ಬರಹದಲ್ಲಿರಬೇಕು. ಅದರ ಒಂದು ಪ್ರತಿ ಊರಿನವರ ಕೈಯಲ್ಲೂ ಇರಬೇಕು. ಆರಂಭದ ಶಿಲ್ಕು ಬರೆಯದ ಪುಸ್ತಕದಲ್ಲಿ ಕೊನೆಯ ಶಿಲ್ಕನ್ನು ನಂಬುವುದು ಹೇಗೆ? ಕೈಗಾದಲ್ಲಿ ಸ್ಥಾವರ ಚಾಲೂ ಆಗುವುದಕ್ಕೆ ಮುಂಚೆಯೇ ಪರಿಸರ ಸಮೀಕ್ಷೆಯ ಪ್ರಯೋಗಾಲಯ ತೆರೆದು ನೀರು, ಮಣ್ಣುಗಳನ್ನು ಅಳೆಯತೊಡಗಿದ್ದು ಇದೇ ಕಾರಣಕ್ಕೆ.

ಲೆಕ್ಕವೇ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಹಿಂದಿನ ಸೋವಿಯತ್ ಒಕ್ಕೂಟದ ಟೇಚಾ ನದಿ ಸಾಕ್ಷಿ. ಮಯಾಕ್ ಎಂಬ ಅಣ್ವಸ್ತ್ರ ಕಾರ್ಖಾನೆ 1949ರಿಂದ 1956ರವರೆಗೆ ವಿಕಿರಣಶೀಲ ದ್ರವ ತ್ಯಾಜ್ಯವನ್ನು ಆ ನದಿಗೇ ಬಿಟ್ಟಿತು. ಕೆಳದಂಡೆಯ ಹಳ್ಳಿಗಳವರು ಅದೇ ನೀರು ಕುಡಿದರು, ಅದರಲ್ಲೇ ದನಗಳನ್ನು ಮೇಯಿಸಿ ನೀರು ಕುಡಿಸಿದರು. ಏನು ಕುಡಿಯುತ್ತಿದ್ದೇವೆಂದು ಅವರಿಗೆ ಯಾರೂ ಹೇಳಲಿಲ್ಲ. ಕೊನೆಗೆ ಸಾವಿರಾರು ಜನರನ್ನು ಊರು ಬಿಡಿಸಬೇಕಾಯಿತು. ಹಗರಿಯ ನೀರನ್ನು ಭೈರವಾನಿತಿಪ್ಪ ಅಣೆಕಟ್ಟಿನಲ್ಲಿ ಹನಿಹನಿಯಾಗಿ ಎದುರುನೋಡುವ ನಮಗೆ ಆ ಹಳ್ಳಿಗಳ ಸಂಕಟ ಅರ್ಥವಾಗದೆ ಇರದು.

ಈಗ ನಮ್ಮ ಪಾಲಿನ ಕರ್ತವ್ಯವೇನು? ನಿಮ್ಮ ಮನೆಯಲ್ಲಿ ಯಾರಿಗಾದರೂ ವಿಕಿರಣಶೀಲ ಅಯೋಡಿನ್ ಚಿಕಿತ್ಸೆಯಾದರೆ ಗಾಬರಿಪಡಬೇಡಿ, ಅವರನ್ನು ಅಸ್ಪೃಶ್ಯರಂತೆಯೂ ಕಾಣಬೇಡಿ. ಆಸ್ಪತ್ರೆಯವರು ಬರೆದುಕೊಟ್ಟ ಸೂಚನೆಯ ಕಾಗದವನ್ನು ಓದಿಸಿಕೊಂಡು, ಅದರಲ್ಲಿ ಹೇಳಿದಷ್ಟು ದಿನ ತಪ್ಪದೆ ಪಾಲಿಸಿ. ಗಂಡಸರೂ ಕುಳಿತೇ ಮೂತ್ರ ಮಾಡಬೇಕು, ಆಮೇಲೆ ಎರಡು ಸಲ ನೀರು ಹಾಕಬೇಕು, ಕೈ ಸೋಪಿನಿಂದ ತೊಳೆಯಬೇಕು. ಅವರ ಬಟ್ಟೆ, ಟವೆಲ್ಲು, ತಟ್ಟೆ ಲೋಟ ಬೇರೆ ಇರಲಿ. ಮಕ್ಕಳನ್ನೂ ಬಸುರಿಯರನ್ನೂ ಆ ದಿನಗಳಲ್ಲಿ ದೂರವಿಡಿ. ನಿಮ್ಮ ಮನೆಯಲ್ಲಿ ಶೌಚಾಲಯದ ಅನುಕೂಲವಿಲ್ಲದಿದ್ದರೆ ಸಂಕೋಚಪಡದೆ ಮೊದಲೇ ವೈದ್ಯರಿಗೆ ತಿಳಿಸಿ.

ಮುಂದೆ ನಿಮ್ಮ ಊರಿನ ಬಳಿ ಗಣಿಯೋ ಕಾರ್ಖಾನೆಯೋ ಬರುವುದಾದರೆ ಸಾರ್ವಜನಿಕ ವಿಚಾರಣೆಗೆ ಹೋಗಿ ಮೂರು ಪ್ರಶ್ನೆ ಕೇಳಿ. ನಮ್ಮ ಬಾವಿಗಳ ಈಗಿನ ಲೆಕ್ಕ ಬರೆದಿದ್ದೀರಾ? ನೀರು ಹೊರಬಿಡುವ ಮುಂಚೆ ಅಳೆಯುವವರು ಯಾರು, ಅವರ ಅಳತೆಯನ್ನು ಮತ್ತೊಮ್ಮೆ ನೋಡುವವರು ಯಾರು? ಆ ಲೆಕ್ಕವನ್ನು ನಮಗೆ ತಿಳಿಯುವ ಭಾಷೆಯಲ್ಲಿ ಕೊಡುತ್ತೀರಾ? ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ, ರಾಯದುರ್ಗ ಅನಂತಪುರದಲ್ಲೇ ಉಳಿದಿದೆ. ಜಿಲ್ಲೆ ಎರಡಾದರೂ ಎರಡೂ ಕಡೆ ಕನ್ನಡ ಓದುವವರಿದ್ದಾರೆ. ಎಚ್ಚರಿಕೆಯ ಮಾತು ಅರ್ಥವಾಗದ ಭಾಷೆಯಲ್ಲಿದ್ದರೆ ಅದು ಎಚ್ಚರಿಕೆಯೇ ಅಲ್ಲ.

ನಮ್ಮ ಅಕ್ಕ ಈಗ ಚೆನ್ನಾಗಿದ್ದಾಳೆ. ಕಾಲಕಾಲಕ್ಕೆ ಬೆಂಗಳೂರಿಗೆ ಹೋಗಿ ತೋರಿಸಿಕೊಂಡು ಬರುತ್ತಾಳೆ. ತೊಟ್ಟಿಯ ವಿಷಯ, ಎಂಟು ದಿನದ ವಿಷಯ, ಅಳತೆ ಮಾಡಿ ಬಿಡುವ ವಿಷಯ ಎಲ್ಲವನ್ನೂ ಅವಳಿಗೆ ಬಿಡಿಸಿ ಹೇಳಿದೆ. ಸಮಾಧಾನದಿಂದ ಕೇಳಿಸಿಕೊಂಡು ಕೊನೆಗೆ, "ಎಲ್ಲಾ ಸರಿ ತಮ್ಮಾ, ಅಳೆಯೋನು ಒಂದಿನ ಮರೆತ್ರೆ?" ಎಂದಳು.

ಬಾಂಧವರೇ, ತೊಟ್ಟಿ, ಕೊಳವೆ, ರಾಳ, ಗಾಜು ಎಲ್ಲವನ್ನೂ ಮನುಷ್ಯ ಕಂಡುಹಿಡಿದಿದ್ದಾನೆ. ಉಳಿದದ್ದು ಅಳೆಯುವವನು ಮರೆಯದಂತೆ ನೋಡಿಕೊಳ್ಳುವುದು. ಅವನ ಹಿಂದೆ ಲೆಕ್ಕ ಕೇಳುವ ಇನ್ನೊಬ್ಬನಿರಬೇಕು, ಆ ಇಬ್ಬರ ಹಿಂದೆ ನಾವಿರಬೇಕು.